ಎಮ್ಮೆಗಳನ್ನು ತವರಿಗೆ ಕಳಿಸಿದವರು

ಮನೆಗೆ ಬಂದವರು ಮೊದಲು ಏನು ಮಾಡುತ್ತಾರೆ? ಚಪ್ಪಲಿ ಬಿಡುತ್ತಾರೆ, ನೀರು ಕುಡಿಯುತ್ತಾರೆ, ಮಳೆಯ ಮಾತೋ ಕಬ್ಬಿನ ಮಾತೋ ತೆಗೆಯುತ್ತಾರೆ. ನಮ್ಮ ಎದುರು ಮನೆಯ ಕಾಕಾ ಮಾತ್ರ ನೇರ ಕೊಟ್ಟಿಗೆಗೆ ಹೋಗುತ್ತಿದ್ದರು. ಎಮ್ಮೆಯ ಕೊರಳಿನ ಹಗ್ಗ ಗೂಟಕ್ಕೆ ಸೇರುವ ಕಡೆ ಬಗ್ಗಿ, ಗಂಟಿನ ತುದಿಯನ್ನು ಎಡಗೈಯಿಂದ ಹಿಡಿದು ಒಮ್ಮೆ ಜಗ್ಗುತ್ತಿದ್ದರು. ಸರ್ರಂತ ಬಿಚ್ಚಿಕೊಂಡರೆ ನಗುತ್ತ ಬಂದು ಚಹಾ ಕುಡಿಯುತ್ತಿದ್ದರು. ಬಿಚ್ಚದಿದ್ದರೆ ಆ ದಿನ ಚಹಾ ಆರಿ ತಣ್ಣಗಾಗುವವರೆಗೆ ನಮಗೆ ಬೈಗುಳ.

"ಎಡಗೈಲೇನೇ ಯಾಕ ಜಗ್ಗತೀರಿ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಹೊಳಿ ಬಂದಾಗ ಬಲಗೈಯಾಗ ಕೂಸು ಇರ್ತೈತಲೇ," ಅಂದರು.

ನಾನು ನಕ್ಕೆ. ಅವರು ನಗಲಿಲ್ಲ. ತಮಾಷೆಗೆ ಆಡಿದ ಮಾತಲ್ಲ ಅದು. ಅವರು ತಮಾಷೆ ಮಾಡುತ್ತಿದ್ದ ವಿಷಯಗಳು ಬೇಕಾದಷ್ಟಿದ್ದವು, ಹೊಳೆ ಮಾತ್ರ ಅದರಲ್ಲಿ ಇರಲಿಲ್ಲ.

ಈ ಬೇಸಿಗೆಯಲ್ಲಿ ಕಾಕಾ ಹೋದರು. ಉಂಡು ಕೈ ತೊಳೆದು ಕಟ್ಟೆಯ ಮೇಲೆ ಕೂತವರು ಹಾಗೆಯೇ ಗೋಡೆಗೆ ಒರಗಿದರು, ಅಷ್ಟೇ. ನಮಗೂ ಅವರಿಗೂ ರಕ್ತಸಂಬಂಧವೇನೂ ಇರಲಿಲ್ಲ. ತೀರಿಹೋದ ನನ್ನ ಅಪ್ಪನ ಗೆಳೆಯರು, ಅಪ್ಪನಿಗಿಂತ ಸಣ್ಣವರು. ಹಾಗಾಗಿ ನನಗೆ ಕಾಕಾ. ನನ್ನ ಅವ್ವ ಅವರಿಗೆ ವೈನಿ. ಅಥಣಿ ತಾಲೂಕಿನ ಹೊಳೆದಂಡೆಯ ನಮ್ಮ ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಗಿಂತ ಬೆನ್ನ ಹಿಂದೆ 'ಅಂಜುಬುರುಕ ಡ್ರೈವರ' ಎಂದವರೇ ಹೆಚ್ಚು. ಅವರ ಬೆನ್ನಿಗೂ ಕಿವಿಗಳಿದ್ದವು. ಕೇಳಿಸಿಕೊಂಡು ಮೀಸೆಯಲ್ಲೇ ನಗುತ್ತಿದ್ದರು. ಅಷ್ಟು ದೊಡ್ಡ ಮೀಸೆಯ ಹಿಂದೆ ಇಷ್ಟೊಂದು ಪುಕ್ಕಲುತನ ಹೇಗೆ ಅಡಗಿದೆ ಎಂಬುದೇ ಊರಿನವರಿಗೆ ಬಿಡಿಸಲಾಗದ ಒಗಟು.

ಸರ್ವೀಸಿನಲ್ಲಿದ್ದಾಗ ಅಥಣಿಯಿಂದ ಚಿಕ್ಕೋಡಿ ಕಡೆಗೆ ಬಸ್ಸು ಓಡಿಸುತ್ತಿದ್ದರು. ಅವರ ಬಸ್ಸು ಹತ್ತಿದವರು ಬುತ್ತಿ ಕಟ್ಟಿಕೊಂಡೇ ಹತ್ತಬೇಕು ಎಂಬ ಮಾತಿತ್ತು. ತಿರುವಿಗೊಂದು ಹಾರ್ನು, ಇಳಿಜಾರಿಗೆ ಎರಡನೇ ಗೇರು, ರಸ್ತೆಯ ಮೇಲೆ ಒಂದು ಹಿಡಿ ನೀರು ಹರಿಯುತ್ತಿದ್ದರೂ ಇಳಿದು ಹೋಗಿ ಕಾಲಿಟ್ಟು ನೋಡುವುದು. ಒಮ್ಮೆ ಮದುವೆಗೆ ಹೊರಟ ಕೊಕಟನೂರಿನ ಬೀಗರೊಬ್ಬರು ಅಕ್ಕಿಕಾಳಿನ ಹೊತ್ತು ಮೀರುತ್ತದೆಂದು ಕೂಗಾಡಿದಾಗ ಕಾಕಾ ಬಸ್ಸು ನಿಲ್ಲಿಸಿ, ತಿರುಗಿ ಕೂತು, ಬಹಳ ಮರ್ಯಾದೆಯಿಂದ ಹೇಳಿದರಂತೆ: "ನಿಮಗ ತಡಾ ಆಗೈತಿ. ನನಗ ಅಂಜಿಕಿ ಆಗೈತಿ. ಯಾವುದು ದೊಡ್ಡದು, ನೀವ ಹೇಳ್ರಿ." ಬಸ್ಸೆಲ್ಲ ನಕ್ಕಿತಂತೆ. ಬೀಗರು ಅಕ್ಷತೆ ಬಿದ್ದ ಮೇಲೆ, ಊಟಕ್ಕೆ ಸರಿಯಾಗಿ ತಲುಪಿದರಂತೆ. ಈ ಕತೆಯನ್ನು ಹೇಳುತ್ತಿದ್ದವರು ಕಾಕಾನೇ, ಅದೂ ಬೀಗರ ದನಿ ತೆಗೆದು.

ಅವರು ಹೇಳಲು ಇಷ್ಟಪಡದ ಕತೆಯೊಂದಿತ್ತು. ಅದನ್ನು ನಾನು ಕೇಳಿದ್ದು ಒಂದೇ ಸಲ. ಹಿಂದೊಂದು ಮಹಾಪೂರದಲ್ಲಿ ಅವರ ಬಸ್ಸು ಸೇತುವೆಯ ಈಚೆಗೆ ನಿಂತುಬಿಟ್ಟಿತ್ತು. ಜನ ಇಳಿದು ಕಟ್ಟೆ ಹಿಡಿದು ಹೊಳೆ ನೋಡುತ್ತಿದ್ದರು. ಬಣವೆ ಬಂತು, ಬಾಗಿಲು ಬಂತು, ತೊಟ್ಟಿಲು ಬಂತು. ಆಮೇಲೆ ಎಮ್ಮೆಗಳು ಬಂದವು. ಒಂದರ ಕೊರಳಲ್ಲಿ ಸರಪಳಿ ಇತ್ತು, ಸರಪಳಿಗೆ ಬೀಗ ಇತ್ತು, ಅದರ ಕೊನೆಗೆ ನೆಲದಿಂದ ಕಿತ್ತ ಗೂಟ ಇತ್ತು. ಗೂಟ ಕೀಳುವಷ್ಟು ಜಗ್ಗಾಡಿದೆ. ಕಿತ್ತ ಮೇಲೆ ಈಜುವ ಕಸುವು ಉಳಿದಿಲ್ಲ.

ನಮ್ಮ ಕಡೆ ಇದೊಂದು ರೂಢಿ. ಒಳ್ಳೆಯ ಎಮ್ಮೆ ಇದ್ದರೆ ಕಳ್ಳರ ಭಯ. ಗಡಿ ದಾಟಿಸಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಅದಕ್ಕೆ ಸರಪಳಿ ಹಾಕಿ ಬೀಗ ಜಡಿಯುವುದು. ಹೊಳೆ ಬಂತೆಂದು ಊರು ಬಿಡುವಾಗಲೂ ಕೈ ತನ್ನ ಪಾಡಿಗೆ ಅದೇ ಕೆಲಸ ಮಾಡುತ್ತದೆ: ಮನೆಗೊಂದು ಬೀಗ, ಎಮ್ಮೆಗೊಂದು ಬೀಗ, ಕೀಲಿಕೈ ಸೊಂಟಕ್ಕೆ. ಕಾಳಜಿ ಕೇಂದ್ರದ ಶಾಲೆಯಲ್ಲಿ ಕೂತು ಸೊಂಟ ಮುಟ್ಟಿ ನೋಡಿಕೊಂಡಾಗ ನೆನಪಾಗುತ್ತದೆ. ಅಷ್ಟೊತ್ತಿಗೆ ದಾರಿ ಇರುವುದಿಲ್ಲ.

ರಿಟೈರಾದ ಮೇಲೆ ಕಾಕಾ ಹಿಡಿದದ್ದು ಈ ಬೀಗಗಳ ಬೆನ್ನು. ಮಿರಗದ, ಅಂದರೆ ಮೃಗಶಿರಾ ಮಳೆ ಕೂಡಿತೆಂದರೆ ಓಣಿ ಓಣಿ ತಿರುಗಿ ಸರಪಳಿ ಬಿಚ್ಚಿಸುತ್ತಿದ್ದರು, ನೂಲಿನ ಹಗ್ಗ ಕಟ್ಟಿಸುತ್ತಿದ್ದರು, ಅದಕ್ಕೆ ಒಂದೇ ಜಗ್ಗಿಗೆ ಬಿಚ್ಚುವ ಸರಗುಣಿಕೆಯನ್ನೇ ಹಾಕಬೇಕೆಂದು ಹಟ ಹಿಡಿಯುತ್ತಿದ್ದರು. "ಕಳ್ಳ ಒಯ್ದ್ರ ಎಮ್ಮಿ ಎಲ್ಲೆರ ಜೀವಂತ ಇರ್ತೈತಿ," ಎನ್ನುತ್ತಿದ್ದರು. ಊರಾಚೆಯ ಎತ್ತರದ ಮಡ್ಡಿಗೆ ದನಗಳನ್ನು ಹೊಡೆದುಕೊಂಡು ಹೋಗಿ ಅಲ್ಲೇ ಹಿಂಡಿ ತಿನ್ನಿಸುವ ಪಾಠ ಬೇರೆ. ದನಕ್ಕೆ ಓಡಿಹೋಗುವುದನ್ನು ಕಲಿಸಲು ಬರುವುದಿಲ್ಲ, ಹಿಂಡಿ ಎಲ್ಲಿ ಸಿಗುತ್ತದೆಂದು ಕಲಿಸಿದರೆ ಸಾಕು ಎಂಬುದು ಅವರ ಲೆಕ್ಕಾಚಾರ. ಮಡ್ಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ ನಮ್ಮನ್ನು ನೋಡಿ, "ಎಮ್ಮಿಗೆ ತ್ರಾಸ ಇಲ್ಲ, ನಿಮಗ ಐತಿ. ನಿಮಗೂ ಹಿಂಡಿ ಇಡಲೇನು?" ಎಂದು ಛೇಡಿಸುತ್ತಿದ್ದರು.

ಗ್ರಾಮಸಭೆಯಲ್ಲಿ ಒಮ್ಮೆ ಅಧಿಕಾರಿಯೊಬ್ಬರು ಪೂರ ಬಂದರೆ ಮೊದಲು ಜನರನ್ನು ಸಾಗಿಸುತ್ತೇವೆ ಎಂದರು. ಕಾಕಾ ಎದ್ದು ನಿಂತರು. "ಮಂದಿ ಮೊದಲ ಅಂಬೂದು ಖರೇರಿ ಸಾಹೇಬ್ರ. ಆದ್ರ ದನಾ ಬಿಟ್ಟ ಮಂದಿ ಬರಂಗಿಲ್ರಿ. ದನಾ ಹೋದ್ರ ಮಂದಿ ತಾವ ಹಿಂದ ಬರ್ತಾರ." ಅಧಿಕಾರಿ ಒಳ್ಳೆಯವರು, ಆ ವರ್ಷವೇ ಮಡ್ಡಿಯ ಮೇಲೆ ದನಗಳಿಗೆ ನೀರಿನ ತೊಟ್ಟಿ ಕಟ್ಟಿಸಿದರು. ಆದರೆ ಅವತ್ತು ಸಭೆಯಲ್ಲಿ ಕಾಕಾ ಅಷ್ಟಕ್ಕೇ ಕೂರಲಿಲ್ಲ, ಇನ್ನೊಂದು ಕೇಳಿದರು. "ಎದ್ದ ನಿಲ್ಲಾಕ ಆಗದ ದನಕ್ಕ ಏನ ಮಾಡೂದ್ರಿ? ಈಯಾಕತ್ತಿದ್ದಕ್ಕ?" ಅಧಿಕಾರಿ ದನದ ಡಾಕ್ಟರರ ಮುಖ ನೋಡಿದರು. ಡಾಕ್ಟರರು ಪ್ರಶ್ನೆಯನ್ನು ವಹಿಯಲ್ಲಿ ಬರೆದುಕೊಂಡರು. ಪ್ರಶ್ನೆ ಎತ್ತಿದ ಕಾಕಾನಿಗೂ ಉತ್ತರ ಗೊತ್ತಿರಲಿಲ್ಲ. ಅವರನ್ನು ನಿದ್ದೆಗೆಡಿಸುತ್ತಿದ್ದ ಪ್ರಶ್ನೆ ಅದೊಂದೇ ಎಂದು ನನಗೆ ಆಮೇಲೆ ತಿಳಿಯಿತು.

ಆ ಪ್ರಶ್ನೆ ನಮ್ಮ ಮನೆಗೇ ಬಂತು.

ಆ ಸಲ ಹೊಳೆ ಬಂದಾಗ ನಮ್ಮಲ್ಲಿ ಮಳೆಯೇ ಇರಲಿಲ್ಲ, ಬಿಸಿಲು ಬಿದ್ದಿತ್ತು. ಮಳೆ ಬಿದ್ದದ್ದು ಹೊಳೆಯ ಮೇಲ್ಭಾಗದ ಮಹಾರಾಷ್ಟ್ರದಲ್ಲಿ. ನಮ್ಮೂರಿಗೆ ನೀರು ಎದುರಿನಿಂದ ಬರುವುದಿಲ್ಲ. ಊರ ಹಿಂದಿನ ಹಳ್ಳಕ್ಕೆ ಹಿಮ್ಮುಖ ಹತ್ತಿ, ಕಬ್ಬಿನೊಳಗಿಂದ ಸದ್ದಿಲ್ಲದೆ ಬಂದು ಮಡ್ಡಿಯ ದಾರಿಯನ್ನೇ ಮೊದಲು ನುಂಗುತ್ತದೆ. ಎದುರಿಗೆ ಹೊಳೆ ಇನ್ನೂ ದಂಡೆಯಲ್ಲೇ ಇದೆ ಎಂದು ನೋಡುತ್ತ ನಿಂತವರು ತಿರುಗಿ ನೋಡಿದರೆ ಹಿಂದೆ ನೀರು. ಅವತ್ತು ಕಾಕಾನ ಪುಣ್ಯ, ಬೆಳಿಗ್ಗೆಯೇ ಊರ ದನಗಳೆಲ್ಲ ಸಾಲುಗಟ್ಟಿ ಮಡ್ಡಿ ಹತ್ತಿದವು. ಉಳಿದದ್ದು ನಮ್ಮ ಅವ್ವನ ಎಮ್ಮೆ. ಅದಕ್ಕೆ ನಸುಕಿನಲ್ಲೇ ಬೇನೆ ಶುರುವಾಗಿ ಮಲಗಿಬಿಟ್ಟಿತ್ತು.

ಆ ಎಮ್ಮೆ ಅವ್ವನಿಗೆ ಏನಾಗಿತ್ತೆಂದು ಹೇಳದೆ ಮುಂದೆ ಹೋಗಲಾರೆ. ಅಪ್ಪ ತೀರಿಕೊಂಡ ವರ್ಷ ಅದಿನ್ನೂ ಕರು. ತಾಯಿ ಸತ್ತಿದ್ದ ಅದನ್ನು ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಅವ್ವ ಒಳಗೆ ಕೆಮ್ಮಿದರೆ ಅದು ಹೊರಗೆ ಒದರುತ್ತಿತ್ತು. ಆ ಸಲದ್ದು ಅದರ ಚೊಚ್ಚಲ.

ಕೊನೆಯ ಟ್ರ್ಯಾಕ್ಟರು ಓಣಿಯಲ್ಲಿ ಬಂದು ನಿಂತಾಗ ಅವ್ವ ಕೊಟ್ಟಿಗೆಯಿಂದ ಏಳಲಿಲ್ಲ. ನಾನು ಕರೆದೆ, ಬೇಡಿಕೊಂಡೆ, ಸಿಟ್ಟು ಮಾಡಿದೆ. "ನೀವ ಹೋಗ್ರಿ," ಅಂದಳು. ಕಾಕಾ ಬಂದರು. ಅವರ ಮುಖ ಬೂದಿ ಬಳಿದಂತಾಗಿತ್ತು.

"ವೈನಿ, ನೀವ ಟ್ರ್ಯಾಕ್ಟರ್ ಹತ್ರಿ. ನಾ ಇರ್ತೀನಿ."

"ನೀವು? ನೀವ ಇರೂದಿಲ್ರಿ. ನೀವ ಅಂಜತೀರಿ."

"ಅಂಜಿಕೋತನ ಇರ್ತೀನಿ. ಕರಾ ಹೊರಗ ಬರೂತನಕ ಇರ್ತೀನಿ. ಹತ್ರಿ ಮೊದಲ."

ಅವ್ವ ಆ ಮಾತು ನಂಬಿ ಹತ್ತಿದಳು. ನಾನು ಕಾಕಾನ ಜೊತೆ ಉಳಿದೆ.

ಆ ಹೊತ್ತಿನಷ್ಟು ಉದ್ದನೆಯ ಹೊತ್ತನ್ನು ನಾನು ಕಂಡಿಲ್ಲ. ಕರುವಿನ ಮುಂಗಾಲುಗಳು ಕಂಡವು, ತಲೆ ಬರಲಿಲ್ಲ. ಕಾಕಾ ಒಳಗೆ ಕೈ ಹಾಕಿ ನೋಡಿದರು. ಹೊರಗೆ ತೆಗೆದು ಪಂಚೆಗೆ ಒರೆಸಿಕೊಂಡರು. ನೀರು ಹಿತ್ತಲ ಬಾಗಿಲ ಕೆಳಗಿನಿಂದ ಒಳಗೆ ಬಂತು. ಮೊದಲು ಸಗಣಿ ತೇಲಿತು, ಆಮೇಲೆ ಬುಟ್ಟಿ. ಎಮ್ಮೆ ತಲೆಯನ್ನು ಗೋದಲಿಯ ಮೇಲಿಟ್ಟುಕೊಂಡಿತ್ತು. ಹೊರಗೆ ಊರಿನಲ್ಲಿ ಒಂದು ನಾಯಿಯ ಸದ್ದೂ ಇಲ್ಲ. ನೀರು ಮೊಣಕಾಲಿಗೆ ಬಂದಾಗ ಕಾಕಾ ಹಗ್ಗಕ್ಕೆ ಕೈ ಹಾಕಿದರು. ರಾಡಿ ನೀರಿನಲ್ಲಿ ಎರಡು ಸಲ ತಡಕಿದರೂ, ಊರಿಗೆಲ್ಲ ಕಲಿಸಿದ ಆ ಗಂಟು ಅವರಿಗೇ ಸಿಗಲಿಲ್ಲ. ಕಡೆಗೆ ಬಿಚ್ಚಿತು. ಅವರು ಎಮ್ಮೆಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಏನೆಂದು ನಾನು ಯಾವತ್ತೂ ಕೇಳಲಿಲ್ಲ.

"ನಡಿ ತಮ್ಮಾ," ಅಂದರು.

ನಾನು ಎಮ್ಮೆಯ ಕೊರಳನ್ನು ಅಪ್ಪಿಕೊಂಡುಬಿಟ್ಟಿದ್ದೆ. ಅವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. ಕಾಕಾ ನನ್ನ ಅಂಗಿಯ ಕಾಲರಿಗೆ ಕೈ ಹಾಕಿದರು.

"ನನಗ ಅಂಜಿಕಿ ಆಗೈತಿ ಅಂತ ಹೇಳಾಕತ್ತೀನಿ ನಡೀ ಮಗನ! ನಿಮ್ಮವ್ವ ಇನ್ನೊಂದ ಎಮ್ಮಿ ಕಟ್ಟತಾಳ. ನಿನ್ನ ಎಲ್ಲಿಂದ ತರ್ತಾಳ?"

ಎಳೆದುಕೊಂಡೇ ಹೋದರು. ಎದೆಮಟ್ಟದ ನೀರಿನಲ್ಲಿ, ಬೇಲಿ ಹಿಡಿದು, ಕಾಲಿಗೆ ಸಿಕ್ಕ ಕಬ್ಬು ತುಳಿದು ಮಡ್ಡಿ ಮುಟ್ಟಿದೆವು. ಹಿಂದಿನಿಂದ ಎಮ್ಮೆ ಒಂದು ಸಲ ಒದರಿತು. ಕಾಕಾ ತಿರುಗಲಿಲ್ಲ, ನನಗೂ ತಿರುಗಲು ಬಿಡಲಿಲ್ಲ.

ಮಡ್ಡಿಯ ಮೇಲೆ ದನಗಳ ನಡುವೆ ಅವ್ವ ನಿಂತಿದ್ದಳು. ನಮ್ಮಿಬ್ಬರನ್ನು ನೋಡಿದಳು, ನಮ್ಮ ಹಿಂದೆ ನೋಡಿದಳು.

"ಅಂಜಿ ಬಂದ್ರಿ," ಅಂದಳು ಕಾಕಾಗೆ.

"ಹೌದ್ರಿ ವೈನಿ. ಅಂಜಿ ಬಂದೆ."

ನಾನು ನಡೆದದ್ದನ್ನೆಲ್ಲ ಅಲ್ಲೇ ಹೇಳಿದೆ. ಕರುವಿನ ತಲೆ ಬಾರದ್ದು, ನೀರು ಬಂದದ್ದು, ಕಾಲರು ಹಿಡಿದು ಎಳೆದದ್ದು. ಅವ್ವ ಎಲ್ಲ ಕೇಳಿಸಿಕೊಂಡಳು. ಆದರೂ ಅವತ್ತಿನಿಂದ ಕಾಕಾನ ಜೊತೆ ಮಾತು ಬಿಟ್ಟಳು. ಅವರು ಮಾಡಿದ್ದು ಸರಿ ಎಂದು ಅವಳಿಗೂ ಗೊತ್ತಿತ್ತು. ಸಿಟ್ಟಾಗಲು ಹೊಳೆಯಂತೂ ಕೈಗೆ ಸಿಗುವುದಿಲ್ಲ, ಎದುರು ಮನೆಯ ಕಾಕಾ ಸಿಗುತ್ತಿದ್ದರು. ನೀರು ಇಳಿದ ಮೇಲೆ ಕೊಟ್ಟಿಗೆಯಲ್ಲಿ ರಾಡಿ ಬಿಟ್ಟರೆ ಏನೂ ಇರಲಿಲ್ಲ. ಎಮ್ಮೆ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ.

ಕಾಕಾ ಬಹಳ ದಿನ ಹೊರಗೆ ಕಾಣಿಸಲಿಲ್ಲ. ಕಂಡಾಗ ಅವರ ಬಳಿ ಹೊಸ ಯೋಚನೆಯಿತ್ತು. ಕಾಕೂ, ಅಂದರೆ ಅವರ ಹೆಂಡತಿ, ತೆಲಸಂಗದವರು. ಹೊಳೆ ತುಂಬಿದಾಗ ದಾರಿ ಇರುವುದಿಲ್ಲವೆಂದು ಬಾಣಂತನಕ್ಕೆ ಮೊದಲೇ ತವರಿಗೆ ಹೋಗಿದ್ದವರು. "ಹೆಣಮಕ್ಕಳನ್ನ ಕಳಸ್ತೀವಿ. ಎಮ್ಮಿ ಯಾಕ ಕಳಸಬಾರದು?" ಎಂದರು ಕಾಕಾ. ತೆಲಸಂಗದ ಕಡೆ ಮಳೆಯಾಶ್ರಿತ ಬೇಸಾಯ. ಬೇಸಿಗೆಯಲ್ಲಿ ಅವರಿಗೆ ಮೇವಿಲ್ಲ, ಮಳೆಗಾಲದಲ್ಲಿ ಹೊಳೆಯ ಭಯವಿಲ್ಲ. ನಮಗೆ ಬೇಸಿಗೆಯಲ್ಲೂ ಕಬ್ಬಿನ ಹಸಿರು ತುದಿ ಬೇಕಾದಷ್ಟು. ಹಾಗಾಗಿ ಬೇಸಿಗೆಯಲ್ಲಿ ಅವರ ದನ ನಮ್ಮಲ್ಲಿ ಮೇಯಲಿ, ಮಳೆಗಾಲಕ್ಕೆ ಮುಂಚೆ ನಮ್ಮ ಗಬ್ಬದ ಎಮ್ಮೆಗಳು ಅಲ್ಲಿಗೆ ಹೋಗಿ ಈಯಲಿ. ಹೊಳೆ ಇಳಿಯುವವರೆಗಿನ ಹಾಲು ಅವರಿಗೆ, ಕರು ನಮಗೆ.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಡ್ರೈವರ ಸಾಹೇಬ್ರ, ಉಡಿ ತುಂಬೂದು ಯಾವಾಗ್ರಿ?" ಎಂದು ಕೇಳಿದರು. ಕಾಕಾ ತಾವೇ ಮುಂದಾಗಿ ತಮ್ಮ ಎಮ್ಮೆಗೆ ಅರಿಶಿನ ಕುಂಕುಮ ಹಚ್ಚಿ ಪಿಕಪ್ ಗಾಡಿ ಹತ್ತಿಸಿದರು. ಮರುವರ್ಷ ಇನ್ನೂ ಕೆಲವರು ಕಳಿಸಿದರು. ಅವರು ಬಿಡದೆ ಹೇಳುತ್ತಿದ್ದ ಮಾತು ಒಂದೇ: ಈಯುವ ದಿನ ಹತ್ತಿರವಾಗಿ ಕೆಚ್ಚಲು ಬಿಡುವ ಮೊದಲೇ ಕಳಿಸಬೇಕು, ದಿನ ತುಂಬಿದ ಮೇಲೆ ಗಾಡಿ ಹತ್ತಿಸಿದರೆ ದಾರಿಯಲ್ಲೇ ಹೋಗುತ್ತದೆ. ಮಳೆ ನೋಡಿ ಕಳಿಸೋಣ ಅಂದರೆ ಆಗುವುದಿಲ್ಲ.

ಅವ್ವ ಹೊಸ ಎಮ್ಮೆ ತಂದಿದ್ದಳು, ಅದೂ ಗಬ್ಬವಾಯಿತು. ಅವಳು ಮಾತಾಡುವುದಿಲ್ಲವಲ್ಲ, ಕಾಕಾ ನಮ್ಮ ಗೋದಲಿಯ ಮುಂದೆ ನಿಂತು ಎಮ್ಮೆಯ ಜೊತೆ ಮಾತಾಡತೊಡಗಿದರು. "ನೋಡವಾ, ನಿಮ್ಮ ಮಾಲಕ್ತಿಗೆ ನಾ ಆಗೂದಿಲ್ಲ. ನೀನರ ಹೇಳು, ತೆಲಸಂಗಕ್ಕ ಹೊಕ್ಕೀನಿ ಅಂತ." ಅವ್ವ ಒಳಗಿನಿಂದ ನನಗೆ ಕೇಳಿಸುವಂತೆ, "ನಿಮ್ಮ ಕಾಕಾಗ ಹೇಳು, ಎಮ್ಮಿಗೆ ಕಿವಿ ನೋಯಾಕತ್ತಾವಂತ," ಎನ್ನುತ್ತಿದ್ದಳು. ಇಬ್ಬರ ನಡುವೆ ನಾನೂ ಎಮ್ಮೆಯೂ ಸುಮ್ಮನೆ ನಿಂತಿರುತ್ತಿದ್ದೆವು. ಒಂದು ದಿನ ನಾನು ಅಥಣಿಯಿಂದ ಕೆಲಸ ಮುಗಿಸಿ ಬರುವಷ್ಟರಲ್ಲಿ ಕೊಟ್ಟಿಗೆ ಖಾಲಿ. "ಕಳಿಸೀನಿ," ಎಂದಷ್ಟೇ ಅಂದಳು ಅವ್ವ. ಅವತ್ತು ಎದುರು ಮನೆಗೆ ಒಂದು ತಂಬಿಗೆ ಮಜ್ಜಿಗೆ ಹೋಯಿತು. ಮಾತು ಮಾತ್ರ ಕಾಕಾ ತೀರಿಕೊಳ್ಳುವವರೆಗೂ ಪೂರ್ತಿ ಕೂಡಿಬರಲಿಲ್ಲ.

ಈ ವರ್ಷ ಮಿರಗಕ್ಕೆ ಮೊದಲು ತೆಲಸಂಗದಿಂದ ಫೋನು ಬಂತು, ಎಮ್ಮೆಗಳು ಯಾವಾಗ ಬರುತ್ತವೆಂದು. ಹೇಳುವವರು ಯಾರೂ ಇರಲಿಲ್ಲ. ಅವ್ವ ತನ್ನ ಎಮ್ಮೆಯನ್ನು ಕಳಿಸಿ, ಮನೆ ಮನೆಗೆ ಹೋದಳು. ಈ ಸಲ ಮಳೆ ಕಮ್ಮಿಯಂತೆ ಎಂದರು ಒಬ್ಬರು. ಹಾಲಿಗೆ ಒಳ್ಳೆಯ ರೇಟು ಇದೆ, ಅಲ್ಲಿ ಯಾಕೆ ಸುರಿಯೋಣ ಎಂದರು ಇನ್ನೊಬ್ಬರು. ಕೊನೆಗೆ ಕಾಕಾನ ಮನೆಗೇ ಹೋದಳು. ಅವರ ಮಗ ಕೆಟ್ಟವನಲ್ಲ, ಅಪ್ಪನ ಮೇಲೆ ಜೀವ ಇಟ್ಟಿದ್ದವನು. "ಅಪ್ಪಾ ಹೋಗಿ ಇನ್ನಾ ವರ್ಷ ಸೈತ ಆಗಿಲ್ಲ ದೊಡ್ಡವ್ವಾ. ಈ ಎಮ್ಮಿನೂ ಮನಿ ಬಿಟ್ಟ ಕಳಸೂದು ಮನಸಿಗೆ ಬರವಲ್ದು. ನೋಡೂಣು," ಎಂದ. ಅವ್ವ ಆ ಎಮ್ಮೆಯ ಬೆನ್ನು ಸವರಿ ಮನೆಗೆ ಬಂದಳು.

ಮೊನ್ನೆ ಹೊಳೆಗೆ ಕೆಂಪು ನೀರು ಬಂತು. ನಿನ್ನೆ ಚಿಕ್ಕೋಡಿ ಕಡೆಯ ತಗ್ಗಿನ ಸೇತುವೆಗಳು ಮುಳುಗಿದ ಸುದ್ದಿ ಬಂತು. ಇವತ್ತು ಮಧ್ಯಾಹ್ನ ತಲಾಠಿಯವರು ಮೈಕು ಕಟ್ಟಿಕೊಂಡು ಓಣಿ ತಿರುಗಿ, ತಯಾರಾಗಿ ಇರಿ ಎಂದು ಹೇಳಿಹೋದರು. ಹಿಂದಿನ ಹಳ್ಳದಲ್ಲಿ ನೀರು ಉಲ್ಟಾ ಹರಿಯುತ್ತಿದೆ, ನಾನೇ ನೋಡಿ ಬಂದೆ. ಕಾಕಾನ ಮನೆಯ ಎಮ್ಮೆ ಕೆಚ್ಚಲು ಬಿಟ್ಟಿದೆ. ಇನ್ನು ಗಾಡಿ ಹತ್ತಿಸುವಂತಿಲ್ಲ.

ಅವ್ವ ಬೆಳಿಗ್ಗೆಯಿಂದ ಅವರ ಕೊಟ್ಟಿಗೆಯಲ್ಲೇ ಕೂತಿದ್ದಾಳೆ. ಕರೆಯಲು ಹೋದೆ.

"ಬರ್ತೀನಿ ನಡಿ," ಅಂದಳು, ಏಳಲಿಲ್ಲ.

"ಮೈಕಿನ್ಯಾಗ ಹೇಳಿದ್ದ ಕೇಳಿದೆಯಿಲ್ಲ?"

"ಕೇಳೇನಿ." ಅವಳು ಎಮ್ಮೆಯ ಬೆನ್ನಿನ ಮೇಲಿಂದ ಕೈ ತೆಗೆಯದೆ ನನ್ನ ಕಡೆ ತಿರುಗಿದಳು. "ಆ ಸಲ ನನ್ನ ಟ್ರ್ಯಾಕ್ಟರ್ ಹತ್ತಿಸಿದವರು ನಿಮ್ಮ ಕಾಕಾ. ಈ ಸಲ ನಾ ಏಳಲಿಲ್ಲ ಅಂದ್ರ, ನೀ ಎಬ್ಬಸ್ತಿಯೇನ?"

ಹಟಕ್ಕೆ ಕೇಳಿದ ಮಾತಲ್ಲ ಅದು. ಅವಳಿಗೆ ನಿಜವಾಗಿ ಉತ್ತರ ಬೇಕಾಗಿತ್ತು.

"ಹ್ಞೂಂ," ಅಂದೆ.

ಎಮ್ಮೆ ನರಳಿ ಒಮ್ಮೆ ಸುತ್ತು ಹಾಕಿ, ಮುಂಗಾಲು ಮಡಚಿ, ಮಲಗಿತು.